ತಿರುಗಾಮುರುಗಾ ಚುಕ್ಕಿಗೆರೆ

"ಯಾ ಅಲ್ಲಾ! ಉದಾಹರಣೆ ಪುಟ ಪೂರ್ತಿ ಉಲ್ಟಾ ಆಗಿದೆ!"

ಕೋಟೆ ಬೀದಿಯ ರಸೂಲ್ ಸಾಬರ ಅಂಗಡಿ ಹೊಸ್ತಿಲಲ್ಲಿ ನಿಂತು ವಜೀರ್ ಹಾಗೆಂದಾಗ ಒಳಗೆ ಹಲಗೆ ಉಜ್ಜುತ್ತಿದ್ದ ಅವರ ಮಗಳು ಫಿರೋಜಾ ತಲೆಯೆತ್ತಿದಳು. ದಾದಿ ಅಜ್ಜಿಯ ಕಥೆಗಳಲ್ಲಿ ಮಾಟಗಾತಿ ಮುಟ್ಟಿದವರು ಕಲ್ಲಾಗುತ್ತಿದ್ದರು; ಇವಳು ಯಾರೂ ಮುಟ್ಟದೆಯೇ ಕಲ್ಲಾದಳು.

ವಜೀರ್ ಭದ್ರಾವತಿಯ ಜನ್ನಾಪುರದಲ್ಲಿ ಹುಡುಗರಿಗೆ ತಂತಿ ಕಳಿಸುವ ವಿದ್ಯೆ ಕಲಿಸುತ್ತಿದ್ದ. ಚುಕ್ಕಿಗೆರೆಗಳ ಆ ಭಾಷೆಗೆ ಕನ್ನಡದಲ್ಲೊಂದು ಪುಸ್ತಕ ಬರೆದಿದ್ದ. ಉದಾಹರಣೆಗಳನ್ನು ಹೇಗೆ ಅಚ್ಚು ಹಾಕಿಸುವುದೆಂದು ತಲೆ ಕೆಡಿಸಿಕೊಂಡಿದ್ದ. ಮೇಣದ ಕಾಗದದಲ್ಲಿ ಸೈಕ್ಲೋಸ್ಟೈಲ್ ಮಾಡಿದರೆ ಚುಕ್ಕಿಗಳು ಶಾಯಿ ಕುಡಿದು ಊದಿಕೊಂಡವು. ಪ್ರೆಸ್ಸಿನ ಸೀಸದ ಅಚ್ಚುಮೊಳೆ ಜೋಡಿಸಿದರೆ ಗೆರೆಗಳು ತುಂಡಾದವು. ಕೊನೆಗೆ, ಮೊಹರು ಕೆತ್ತುವ ರಸೂಲ್ ಸಾಬರ ಮಗಳ ಮರದ ಅಚ್ಚೇ ಸೈ ಎಂದು ಆರಿಸಿದ್ದ. ಪ್ರೆಸ್ಸಿನವರಿಗೆ ಆ ಭಾಷೆ ಓದಲು ಬಾರದು, ಕೊಟ್ಟದ್ದನ್ನು ಒತ್ತಿಬಿಟ್ಟಿದ್ದರು.

"ಇಂಗ್ಲಿಷಿನ ಎ ಅಂದ್ರೆ ಮೊದಲು ಚುಕ್ಕಿ, ಆಮೇಲೆ ಗೆರೆ. ಇಲ್ಲಿ ಗೆರೆನೇ ಮೊದಲು! ಎ ಹೋಗಿ ಎನ್ ಅಕ್ಷರ ಆಗೋಯ್ತು. ಹುಡುಗ್ರು ಇದನ್ನೇ ಕಲ್ತು ರೈಲ್ವೆ ಪರೀಕ್ಷೆಗೆ ಕೂತ್ರೆ ಗತಿಯೇನು?"

ರಸೂಲ್ ಸಾಬರು ಉಳಿ ಕೆಳಗಿಟ್ಟರು. "ಒತ್ತಿದಾಗ ಉಲ್ಟಾ ಮೂಡುತ್ತೆ, ಅದಕ್ಕೇ ಮರದ ಮೇಲೆ ಬಲದಿಂದ ಎಡಕ್ಕೆ ಕೆತ್ತಬೇಕು ಅಂತ ಹಾಲುಹಲ್ಲು ಬೀಳೋ ಮೊದಲೇ ಕಲಿಸಿದೀನಲ್ಲಮ್ಮಾ! ಇನ್ನು ಈ ಉಳಿ ನಿನ್ನ ಕೈಗೆ ಕೊಡಲ್ಲ. ಧ್ಯಾನ ಎಲ್ಲಿತ್ತು?"

ಫಿರೋಜಾಳಿಗೆ ಉಳಿ ಕಸಿದರೆ ಉಸಿರೇ ಕಸಿದಂತೆ.

"ಇವರು ಎದುರಿಗೆ ಕೂತು ಬೆರಳಲ್ಲಿ ಕುಟ್ಟಿ ಕುಟ್ಟಿ ಹೇಳ್ತಿದ್ರು, ಅಬ್ಬಾ. ಕಿವಿಗೆ ಬಿದ್ದ ಹಾಗೇ ಕೆತ್ಕೊಂಡು ಹೋದೆ."

"ಬರೆದ ಕಾಗದ ಮುಂದಿಟ್ಟಿದ್ದೆನಲ್ಲ," ಎಂದ ವಜೀರ್. "ನೋಡ್ಕೊಂಡು ಕೆತ್ತಬೇಕಿತ್ತು."

"ನೋಡ್ತಿದ್ದದ್ದು ಕಾಗದಾನಲ್ಲ."

ಫಿರೋಜಾಳ ಬಾಯಿ ಜಾರಿತ್ತು. ವಜೀರನ ಕಿವಿ ಕೆಂಡವಾಯಿತು. ರಸೂಲ್ ಸಾಬರು ಸೂರು ನೋಡತೊಡಗಿದರು.

ತಲೆಯ ಮೇಲಿನ ಓಢಣಿ ಕಣ್ಣಿನವರೆಗೆ ಎಳೆದುಕೊಂಡ ಫಿರೋಜಾ, ಅಪ್ಪನ ಮುಂದಿನ ಉಳಿಯನ್ನು ತಾನೇ ಎತ್ತಿಕೊಂಡು ಹೊಸ ಹಲಗೆಗೆ ಇಟ್ಟಳು. "ಇವತ್ತೇ ಬೇರೆ ಕೆತ್ತಿಕೊಡ್ತೀನಿ. ನೀವು ಹೋಗಿ. ಇಲ್ಲೇ ಇದ್ರೆ ಮತ್ತೆ ಉಲ್ಟಾ ಆಗುತ್ತೆ."

"ಹೋಗ್ತೀನಿ. ಸಂಜೆ ಬಸ್ಸಿಗೆ ನಮ್ಮ ಅಮ್ಮೀನ ಕರ್ಕೊಂಡು ಬರ್ತೀನಿ."

"ನನ್ನ ಮೇಲೆ ದೂರು ಹೇಳೋಕಾ?"

"ನಿಮ್ಮನ್ನ ಹೆಣ್ಣು ಕೇಳೋಕೆ."

ಉಳಿ ಸರ್ರನೆ ಜಾರಿ ಹೆಬ್ಬೆರಳು ಸೀಳಿತು.

"ಮಾರಾಯಾ!" ರಸೂಲ್ ಸಾಬರು ಹೌಹಾರಿದರು. "ಉಳಿ ಹಿಡಿದ ಹುಡುಗಿಗೆ ಯಾರಾದ್ರೂ ಇಂಥ ಮಾತು ಹೇಳ್ತಾರೇನೋ? ನಿಂತು ನೋಡ್ತೀಯಲ್ಲ, ಕಟ್ಟು ಬಟ್ಟೆ!"

ವಜೀರ್ ಕರವಸ್ತ್ರ ಹರಿದು ಸುತ್ತಿದ. ಎರಡು ಸಲ ಹಾಕಿದರೂ ಗಂಟು ಬೀಳಲಿಲ್ಲ. ಫಿರೋಜಾ ಇನ್ನೊಂದು ತುದಿ ಹಿಡಿದುಕೊಂಡಳು.