ಬುಧವಾರದ ಕೆಂಪು ಚುಕ್ಕೆ

ಬೆಳ್ತಂಗಡಿಯ ಪ್ರಿಂಟರ್ ಬುಧವಾರ ಮಾತ್ರ ಯಾಕೆ ಕೆಡುತ್ತದೆ ಎಂಬುದು ಶಮ್ನಾಳಿಗೆ ಎಷ್ಟು ಯೋಚಿಸಿದರೂ ಹೊಳೆಯುತ್ತಿರಲಿಲ್ಲ.

ಅವಳ ಮೇಜಿನ ಕಂಪ್ಯೂಟರಿನಲ್ಲಿ ಮೂರು ಚುಕ್ಕೆಗಳಿದ್ದವು. ಮೂಡಬಿದಿರೆ, ಬಂಟ್ವಾಳ, ಬೆಳ್ತಂಗಡಿ. ಡಾಕ್ಟರ್ ವಿಜಯರಾಜರ ರಕ್ತಪರೀಕ್ಷೆಯ ಲ್ಯಾಬ್ ಇದ್ದದ್ದು ಈ ಮೂರು ಊರುಗಳಲ್ಲಿ. ಪರೀಕ್ಷೆಯೆಲ್ಲ ಮೂಡಬಿದಿರೆಯಲ್ಲಿ, ಉಳಿದ ಎರಡು ಕಡೆ ರಕ್ತ ತೆಗೆಯುವುದು, ರಿಪೋರ್ಟ್ ಕೊಡುವುದು, ಅಷ್ಟೇ. ಆಯಾ ಊರಿನ ರಿಪೋರ್ಟ್ ಆ ಊರಿನಲ್ಲೇ ಪ್ರಿಂಟ್ ಆಗಲಿ ಎಂದು ೨೦೦೪ರಲ್ಲಿ ಡಾಕ್ಟರು ಹೊಸ ಸಾಫ್ಟ್‌ವೇರ್ ತರಿಸಿದರು. ಅದನ್ನು ನೋಡಿಕೊಳ್ಳಲು ಬಿ.ಎಸ್ಸಿ. ಮುಗಿಸಿದ್ದ ಶಮ್ನಾಳನ್ನು ಸೇರಿಸಿಕೊಂಡರು.

ಪ್ರಿಂಟರ್ ಸರಿ ಇದ್ದರೆ ಚುಕ್ಕೆ ಹಸಿರು. ಬುಧವಾರ ಬೆಳಗ್ಗೆ ಅವಳು ಚಹಾ ಮುಗಿಸಿ ಬರುವಷ್ಟರಲ್ಲಿ ಬೆಳ್ತಂಗಡಿ ಕೆಂಪಾಗಿರುತ್ತಿತ್ತು. ಸ್ವಲ್ಪ ಹೊತ್ತಿಗೆ ಅಲ್ಲಿಯ ರಿಪೋರ್ಟ್‌ಗಳೆಲ್ಲ ತಾವಾಗಿಯೇ ದಾರಿ ಬದಲಿಸಿ, ಅವಳ ಪಕ್ಕದ ಪ್ರಿಂಟರಿನಿಂದ ಒಂದೊಂದಾಗಿ ಹೊರಗೆ ಬೀಳುತ್ತಿದ್ದವು. ಅವನ್ನು ಒಯ್ಯಲು ಬೆಳ್ತಂಗಡಿ ಶಾಖೆಯ ನಿಝಾಮ್ ಬಸ್ಸು ಹಿಡಿದು ಬರುತ್ತಿದ್ದ.

ಅಷ್ಟು ದೂರ ಬಂದವನ ಅಂಗಿಯ ಇಸ್ತ್ರಿ ಮಾತ್ರ ಮುರಿದಿರುತ್ತಿರಲಿಲ್ಲ. ಅವನು ಬಸ್ಸಿನಲ್ಲಿ ಸೀಟಿಗೆ ಒರಗದೆ ಕೂರುತ್ತಾನೋ ಏನೋ ಎಂದು ಶಮ್ನಾ ಯೋಚಿಸುತ್ತಿದ್ದಳು. ಯೋಚಿಸಿದ್ದು ಮುಖದಲ್ಲಿ ಕಾಣಬಾರದೆಂದು ಹಾಳೆಗಳನ್ನು ಬೇಕಾದ್ದಕ್ಕಿಂತ ಹೆಚ್ಚು ಸಲ ತಟ್ಟಿ ಜೋಡಿಸುತ್ತಿದ್ದಳು. ಅವನು ಹಾಳೆಗಳನ್ನು ನೋಡುತ್ತಿರಲಿಲ್ಲ. ತಟ್ಟುವ ಕೈಯನ್ನು ನೋಡುತ್ತಿದ್ದ. ಅವಳು ತಲೆ ಎತ್ತಿದರೆ ಗೋಡೆಯ ಕ್ಯಾಲೆಂಡರನ್ನು ಓದತೊಡಗುತ್ತಿದ್ದ.

"ನಿಮ್ಮ ಮೂರನೆಯವನು ಹೇಗಿದ್ದಾನೆ?" ಎಂದು ಕೇಳುತ್ತಿದ್ದ.

"ನಿಮ್ಮ ಪ್ರಿಂಟರಿಗಿಂತ ಆರೋಗ್ಯದಲ್ಲಿದ್ದಾನೆ."

ಮೂರನೆಯವನು ಹುಟ್ಟಿದ್ದು ಬಂಟ್ವಾಳದ ಶಾಖೆಯಲ್ಲಿ. ಸಿಬ್ಬಂದಿಯನ್ನೆಲ್ಲ ಅಲ್ಲಿ ಕೂರಿಸಿ ಶಮ್ನಾ ಸಾಫ್ಟ್‌ವೇರ್ ಕಲಿಸಿಕೊಟ್ಟಿದ್ದಳು. ಇದರ ಒಳಗೆ ನಾಲ್ಕು ಜನ ಇದ್ದಾರೆ ಎಂದುಕೊಳ್ಳಿ ಎಂದಿದ್ದಳು. ಮೊದಲನೆಯವನು ಅಂಕಿಗಳನ್ನು ತಂದು, ಲ್ಯಾಬಿನ ಹೆಸರು, ಡಾಕ್ಟರ ಸಹಿ ಇರುವ ಹಾಳೆಯಲ್ಲಿ ಅಚ್ಚುಕಟ್ಟಾಗಿ ಕೂರಿಸುತ್ತಾನೆ. ಎರಡನೆಯವನು ಹಾಳೆಗಳನ್ನು ಸಾಲಿನಲ್ಲಿ ನಿಲ್ಲಿಸಿ, ಅರ್ಜೆಂಟಿನದ್ದನ್ನು ಮುಂದೆ ಬಿಡುತ್ತಾನೆ. ಯಾವುದು ಯಾವ ಊರಿಗೆ ಎಂದು ನೋಡಿ ಕಳಿಸುವವನು ಮೂರನೆಯವನು. ಕಡೆಯವನು ಎಲ್ಲದರ ಪ್ರತಿಯನ್ನು ಒಳಗೆ ಜೋಪಾನವಾಗಿ ಇಟ್ಟುಕೊಳ್ಳುತ್ತಾನೆ. ಕೇಳಿದರೆ ಇನ್ನೊಮ್ಮೆ ಕೊಡುತ್ತಾನೆ.

ಹಿಂದಿನ ಬೆಂಚಿನಿಂದ ನಿಝಾಮ್ ಕೈ ಎತ್ತಿದ್ದ. ಪ್ರಿಂಟರಿನಲ್ಲಿ ಕಾಗದವೇ ಇಲ್ಲದಿದ್ದರೆ?

"ಕಾಲು ಗಂಟೆ ಕಾಯ್ತದೆ. ಆಮೇಲೆ ಮೂಡಬಿದಿರೆಗೆ ಬರ್ತದೆ."

"ಮೂಡಬಿದಿರೆಯಲ್ಲಿ ಯಾರ ಹತ್ತಿರ?"

"ನನ್ನ ಹತ್ತಿರ."

"ಹಾಗಾದ್ರೆ ತೊಂದರೆ ಇಲ್ಲ" ಎಂದು ಅವನು ಕೂತ. ಎಲ್ಲರೂ ನಕ್ಕರು. ಶಮ್ನಾ ಬೋರ್ಡಿನ ಕಡೆಗೆ ತಿರುಗಿ, ಮೊದಲೇ ಬರೆದಿದ್ದ ಪದದ ಮೇಲೆಯೇ ಇನ್ನೊಮ್ಮೆ ಬರೆದಳು.

ಆ ನಗು ಈಗ ದೂರವಾಗಿತ್ತು. ಮಂಗಳೂರಿನಿಂದ ಮೆಕ್ಯಾನಿಕ್ ಬಂದು ನೋಡಿ, ಪ್ರಿಂಟರಿನಲ್ಲಿ ದೋಷವೇ ಇಲ್ಲ ಎಂದು ಹೋಗಿದ್ದ. ಅವನು ಬಂದದ್ದು ಶುಕ್ರವಾರ. ಪ್ರಿಂಟರ್ ಸರಿ ಇದ್ದರೆ ತಪ್ಪು ಸಾಫ್ಟ್‌ವೇರಿನದ್ದು. ಸಾಫ್ಟ್‌ವೇರಿನದ್ದು ಎಂದರೆ ಶಮ್ನಾಳದ್ದು. ಡಾಕ್ಟರು ಸಿಟ್ಟಿನ ಮನುಷ್ಯನಲ್ಲ. ಅವರು ಮೆತ್ತಗೆ ಹೇಳಿದ್ದೇ ಅವಳನ್ನು ಹೆಚ್ಚು ಹೆದರಿಸಿತು.

"ನಿನ್ನ ಸಾಫ್ಟ್‌ವೇರಿಗೆ ಬುಧವಾರ ವಾರದ ರಜೆಯಾ ಶಮ್ನಾ? ಈ ತಿಂಗಳು ನೋಡುವ. ಆಗದಿದ್ರೆ ಮೊದಲಿನ ಹಾಗೆ ಟೈಪ್ ಮಾಡಿಸುವ. ಆಗ ನಿನಗೆ ಇಲ್ಲಿ ಕೆಲಸ ಉಂಟು ಅಂತ ನಾನು ಹೇಳ್ಲಿಕ್ಕೆ ಆಗುದಿಲ್ಲ."

ಕೆಲಸ ಹೋದರೆ ಮನೆಯಲ್ಲಿ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಕೆಲಸದ ಹೆಸರು ಹೇಳಿ ಅವಳ ತಾಯಿ, ಉಮ್ಮ, ಎಷ್ಟೋ ಮದುವೆ ಸಂಬಂಧಗಳನ್ನು ಮುಂದೆ ಹಾಕಿದ್ದರು. ಮುಂದೆ ಹಾಕಲು ಇನ್ನು ನೆಪವೇ ಉಳಿಯುವುದಿಲ್ಲ. ಹುಡುಗ ಯಾರು ಎಂದು ನಿಶ್ಚಯ ಆದ ಮೇಲೆಯೇ ಅವಳಿಗೆ ತಿಳಿಯುತ್ತದೆ.

ಮುಂದಿನ ಬುಧವಾರ ಚುಕ್ಕೆ ಕೆಂಪಾದ ಕೂಡಲೇ ಅವಳು ಚೀಲ ಎತ್ತಿಕೊಂಡು ಬೆಳ್ತಂಗಡಿಯ ಬಸ್ಸು ಹತ್ತಿದಳು. ಡಾಕ್ಟರಿಗೆ ಹೇಳಿಯೇ ಹೊರಟಿದ್ದಳು. ನಿಝಾಮನಿಗೆ ಹೇಳಿರಲಿಲ್ಲ.

ವೇಣೂರಿನಲ್ಲಿ ಬಸ್ಸು ನಿಂತಿತು. ಎದುರಿನಿಂದ ಬಂದ ಮೂಡಬಿದಿರೆಯ ಬಸ್ಸೂ ಪಕ್ಕಕ್ಕೇ ಬಂದು ನಿಂತಿತು. ಎರಡು ಕಿಟಕಿಗಳ ನಡುವೆ ಒಂದು ಮೊಳ ಗಾಳಿ. ಆಚೆ ಕಿಟಕಿಯಲ್ಲಿ ನಿಝಾಮ್, ಸೀಟಿನ ತುದಿಯಲ್ಲಿ, ಬೆನ್ನು ಸೀಟಿಗೆ ತಾಗದ ಹಾಗೆ ನೆಟ್ಟಗೆ ಕುಳಿತಿದ್ದ. ಪುಟ್ಟ ಕನ್ನಡಿಯಲ್ಲಿ ಕೂದಲು ಸರಿಮಾಡಿಕೊಳ್ಳುತ್ತಿದ್ದ. ಕನ್ನಡಿ ಇಳಿಸಿದಾಗ ಅವನಿಗೆ ಅವಳು ಕಂಡಳು. ಅವನ ಬಾಯಿ ತೆರೆಯಿತು. ಅಷ್ಟರಲ್ಲಿ ಅವಳ ಬಸ್ಸು ಹೊರಟಿತು.

ಒರಗದೆ ಕೂರುತ್ತಾನೆ ಎಂದು ತಿಳಿದದ್ದಕ್ಕೆ ಆದ ಸಂತೋಷ ಅವಳಿಗೇ ವಿಚಿತ್ರವೆನಿಸಿತು.

ಬೆಳ್ತಂಗಡಿ ಶಾಖೆಯಲ್ಲಿ ಸಿಬ್ಬಂದಿಯೆಂದರೆ ನಸೀಬಾ ಒಬ್ಬಳೇ ಇದ್ದಳು. ಬುಧವಾರ ಮಾತ್ರ ರಕ್ತ ತೆಗೆಯಲು ಬರುವ ನರ್ಸ್. ಅವಳಿದ್ದರೆ ನಿಝಾಮ್ ಹೊರಗೆ ಹೋಗಬಹುದಿತ್ತು. ಪ್ರಿಂಟರಿಗೆ ಏನಾಗಿದೆ ಎಂದು ಶಮ್ನಾ ಕೇಳಿದಳು. ನಸೀಬಾ ನಗು ತಡೆಯಲಾರದೆ, ಬಾಯಿಗೆ ಕೈ ಅಡ್ಡ ಹಿಡಿದು, ಕಪಾಟಿನ ಮೇಲೆ ತೋರಿಸಿದಳು.

ಅಲ್ಲಿ ಹಳೆಯ ಟವಲಿನ ಅಡಿಯಲ್ಲಿ ಪ್ರಿಂಟರಿನ ಟ್ರೇ ಇತ್ತು, ಕಾಗದದ ಸಮೇತ.

"ಬುಧವಾರ ಬೆಳಗ್ಗೆ ಎಳೆದು ಅಲ್ಲಿ ಇಡ್ತಾನೆ. ಸಾಯಂಕಾಲ ಬಂದು ಹಾಕ್ತಾನೆ. ನಾನು ಕೇಳಿದ್ರೆ, ಅದಕ್ಕೂ ವಿಶ್ರಾಂತಿ ಬೇಡವಾ ಹೇಳ್ತಾನೆ. ನಿಮಗೆ ಇಷ್ಟು ದಿನ ಗೊತ್ತೇ ಆಗ್ಲಿಲ್ವಾ ಮಾರಾಯ್ರೆ?"

ಶಮ್ನಾಳ ಕಿವಿಯ ತನಕ ಬಿಸಿಯೇರಿತು. ತಾನೇ ಹೇಳಿಕೊಟ್ಟ ವಿದ್ಯೆ. ಒಂದು ಟ್ರೇ ಎಳೆದರೆ ಹಾಳೆಗಳು ಅವಳ ಹತ್ತಿರ ಹೋಗುತ್ತವೆ. ಹಾಳೆಗಳ ಹಿಂದೆ ಅವನೂ ಹೋಗುತ್ತಾನೆ. ತನ್ನನ್ನು ನೋಡಲು ಒಬ್ಬ ಇಷ್ಟು ಹುಚ್ಚಾಟ ಆಡಿದ್ದಾನೆ ಎಂಬುದು ಒಂದು ಗಳಿಗೆ ಅವಳ ಒಳಗೆಲ್ಲ ಬೆಳಕಾಗಿ ನಿಂತಿತು.

ಆಮೇಲೆ ಅವಳು ಬೆಂಚಿನ ಮೇಲೆ ಕುಳಿತಿದ್ದ ಮನುಷ್ಯನನ್ನು ನೋಡಿದಳು.

ನೆರಿಯ ಎಂಬ ಹಳ್ಳಿಯ ಹನೀಫಾ. ಹೆಂಡತಿ ಖದೀಜಾಳನ್ನು ಜ್ವರವೆಂದು ಹತ್ತಿರದ ಲಾಯಿಲದ ಆಸ್ಪತ್ರೆಗೆ ಸೇರಿಸಿದ್ದರು. ಇಲ್ಲಿಯ ರಿಪೋರ್ಟ್ ನೋಡಿಯೇ ಮದ್ದು ಬದಲಿಸುತ್ತೇವೆ ಎಂದು ಅಲ್ಲಿಯ ಡಾಕ್ಟರು ಹೇಳಿದ್ದರಂತೆ. ಹನೀಫಾ ಶಾಖೆಯ ಬಾಗಿಲು ತೆರೆಯುವ ಮೊದಲೇ ಬಂದು ಕುಳಿತಿದ್ದರು.

"ಮೂಡಬಿದಿರೆಯಿಂದ ಬರಬೇಕಂತೆ" ಎಂದರು ಅವರು, ತಮ್ಮದೇ ತಪ್ಪೇನೋ ಎಂಬಂತೆ. "ಸಂಜೆ ಆಗ್ತದಂತೆ. ಪರವಾಗಿಲ್ಲ, ನಾನು ಕೂತ್ಕೊಳ್ತೇನೆ."

ಶಮ್ನಾ ಟ್ರೇಯನ್ನು ಇಳಿಸಿ ಪ್ರಿಂಟರಿಗೆ ತಳ್ಳಿದಳು. ಕಂಪ್ಯೂಟರಿನಲ್ಲಿ ಖದೀಜಾಳ ಹೆಸರು ಹುಡುಕಿ, ಒಳಗೆ ಇಟ್ಟಿದ್ದ ಪ್ರತಿಯನ್ನು ಇನ್ನೊಮ್ಮೆ ಕೇಳಿದಳು. ಹಾಳೆ ಬಿಸಿಯಾಗಿ ಹೊರಗೆ ಬಂತು. ಹನೀಫಾ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಅವಳಿಗೆ ಒಳ್ಳೆಯದಾಗಲಿ ಎಂದು ಹರಸಿ ಓಡಿದರು. ಆ ಹಾರೈಕೆ ಅವಳಿಗೆ ಚುಚ್ಚಿತು.

ಅಷ್ಟರಲ್ಲಿ ನಿಝಾಮ್ ವೇಣೂರಿನಲ್ಲೇ ಇಳಿದು, ಸಿಕ್ಕಿದ ಜೀಪು ಹತ್ತಿ ವಾಪಸು ಬಂದಿದ್ದ. ಅಂಗಿ ಬೆವರಿನಲ್ಲಿ ಮುದ್ದೆಯಾಗಿತ್ತು. ಬಾಗಿಲಲ್ಲಿ ನಿಂತು ಮೊದಲು ಪ್ರಿಂಟರನ್ನು, ಆಮೇಲೆ ಅವಳನ್ನು ನೋಡಿದ. ಆಫೀಸಿನಲ್ಲಿ ಯಾವಾಗಲೂ ಕನ್ನಡ ಆಡುತ್ತಿದ್ದವನು ಈಗ ಮನೆಮಾತಾದ ಬ್ಯಾರಿ ಭಾಷೆಯಲ್ಲೇ ತೊದಲಿದ: ಬರಲಿಕ್ಕೆ ಬೇರೆ ದಾರಿ ಕಾಣಲಿಲ್ಲ.

ಶಮ್ನಾ ಮಾತನ್ನು ತೂಗಿ ಆಡುವವಳು. ಇಂದು ತೂಗಲಿಲ್ಲ. ಕೆಂಪು ಚುಕ್ಕೆಯಿಂದ ತನ್ನ ಕೆಲಸ ಹೋಗುವುದರಲ್ಲಿದೆ ಎಂದಳು. ಅದು ಅವನಿಗೆ ಗೊತ್ತಿರಲಿಲ್ಲ, ಮುಖ ಬಿಳುಚಿತು.

"ಅದು ಹೋಗ್ಲಿ" ಎಂದಳು. "ಈ ಬೆಂಚಿನಲ್ಲಿ ಒಬ್ಬರು ಬೆಳಗ್ಗಿಂದ ಕೂತಿದ್ರು. ಅವರ ಹೆಂಡತಿ ಆಸ್ಪತ್ರೆಯಲ್ಲಿ ಮಲಗಿದ್ದಾರೆ. ನೀವು ಅಂಗಿಗೆ ಇಸ್ತ್ರಿ ಹಾಕುವಾಗ ಇವರ ನೆನಪು ಒಂದ್ಸಲವೂ ಬರ್ಲಿಲ್ವಾ?"

ಅವನು ಫೋನು ಎತ್ತಿ ಮೂಡಬಿದಿರೆಗೆ ಕರೆ ಮಾಡಿದ. ಡಾಕ್ಟರಿಗೆ ಎಲ್ಲವನ್ನೂ, ಟವಲಿನ ಸಮೇತ, ಹೇಳಿದ. ಯಾಕೆ ಎಂದು ಅವರು ಕೇಳಿದ್ದಿರಬೇಕು. ಅವನು ಶಮ್ನಾಳ ಕಡೆ ನೋಡದೆ, "ಅದು ನನ್ನ ಹುಚ್ಚು ಸಾರ್, ಅವರಿಗೆ ಇದು ಯಾವುದೂ ಗೊತ್ತಿಲ್ಲ" ಎಂದ. ಆಚೆ ಕಡೆಯಿಂದ ಬಹಳ ಹೊತ್ತು ಮಾತು ಬಂತು. ಫೋನು ಇಟ್ಟು ಮುಖ ಒರೆಸಿಕೊಂಡ. ಅವಳ ಕೆಲಸಕ್ಕೆ ಭಯವಿಲ್ಲ; ಅವನನ್ನು ಮಾತ್ರ ನಾಳೆಯಿಂದ ಬಂಟ್ವಾಳಕ್ಕೆ ಹಾಕಿದ್ದಾರೆ ಎಂದ.

"ಅಲ್ಲಿಯದು ಹಳೇ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್, ಎಳೀಲಿಕ್ಕೆ ಟ್ರೇಯೇ ಇಲ್ಲ ಹೇಳಿದ್ರು."

ನಸೀಬಾ ಸಿರಿಂಜಿನ ಡಬ್ಬದ ಹಿಂದೆ ಮುಖ ಮುಚ್ಚಿಕೊಂಡಳು. ಶಮ್ನಾಳಿಗೂ ನಗು ಬಂತು. ಅವಳು ನಗಲಿಲ್ಲ. ಚೀಲ ಹೆಗಲಿಗೇರಿಸಿದಳು.

"ಡಾಕ್ಟರಿಗೆ ಹೇಳಿದ್ದು ಸರಿ. ಕಾದವರು ಡಾಕ್ಟರಲ್ಲ. ಲಾಯಿಲಕ್ಕೆ ಹೋಗುವ."

"ನೀವೂ ಬರ್ತೀರಾ?"

"ನೀವು ದಾರಿಯಲ್ಲಿ ತಪ್ಪಿಸಿಕೊಳ್ಳಬಾರದಲ್ಲ."

ಆಸ್ಪತ್ರೆಗೆ ನಡೆದೇ ಹೋದರು. ಇಬ್ಬರ ನಡುವೆ ಇನ್ನೊಬ್ಬರು ನಡೆಯುವಷ್ಟು ಜಾಗ ಬಿಟ್ಟು ನಡೆದರು. ದಾರಿಯುದ್ದಕ್ಕೂ ಅವನು ತುಟಿಯಲ್ಲೇ ಮಾತುಗಳನ್ನು ಜೋಡಿಸುವುದು, ಅಳಿಸುವುದು ಅವಳಿಗೆ ಕಾಣುತ್ತಿತ್ತು. ಇವನು ಏನು ಹೇಳಬಹುದು ಎಂಬ ಕುತೂಹಲದಲ್ಲಿ ಅವಳ ಸಿಟ್ಟು ಸ್ವಲ್ಪ ಸ್ವಲ್ಪವೇ ಕರಗಿತು.

ಖದೀಜಾ ಮಂಚದಲ್ಲಿ ದಿಂಬಿಗೆ ಒರಗಿ ಕುಳಿತಿದ್ದರು. ರಿಪೋರ್ಟ್ ನೋಡಿ ಮದ್ದು ಬದಲಿಸಿದ್ದಾರೆ, ಭಯಪಡುವಂಥದ್ದಿಲ್ಲ ಅಂದಿದ್ದಾರೆ ಎಂದು ಹನೀಫಾ ಸ್ಟೂಲಿನಿಂದ ಎದ್ದು ಹೇಳಿದರು. ನಿಝಾಮ್ ಕೂರಲಿಲ್ಲ. ಜೋಡಿಸಿದ ಮಾತೆಲ್ಲ ಮರೆತವನಂತೆ ಒಂದೇ ಉಸಿರಿಗೆ ಹೇಳಿದ. ಪ್ರಿಂಟರ್ ಕೆಟ್ಟಿರಲಿಲ್ಲ. ನಾನೇ ನಿಲ್ಲಿಸಿದ್ದೆ. ಒಬ್ಬರನ್ನು ನೋಡಲಿಕ್ಕೆ ಹೋಗುವ ಆಸೆಯಲ್ಲಿ ನಿಮ್ಮನ್ನು ಕೂರಿಸಿದೆ.

ಹನೀಫಾ ಗೋಡೆಯ ಕಡೆ ನೋಡುತ್ತಾ, "ನನಗೆ ಅಲ್ಲಿ ಒಂದೊಂದು ನಿಮಿಷ ದಾಟುದು ಕಷ್ಟ ಆಗಿತ್ತು ಮಗಾ" ಎಂದರು. ಅಷ್ಟೇ. ನಿಝಾಮ್ ತಲೆ ತಗ್ಗಿಸಿದ.

ಖದೀಜಾ ಮಾತ್ರ ಜ್ವರದ ಕಣ್ಣುಗಳನ್ನು ಅರಳಿಸಿ ಅವನನ್ನು ನೋಡುತ್ತಿದ್ದರು. ಆ ಕಣ್ಣು ನಿಧಾನವಾಗಿ ಬಾಗಿಲ ಬಳಿ ನಿಂತ ಶಮ್ನಾಳ ಕಡೆಗೆ ಹೊರಳಿತು.

"ಆ ಒಬ್ಬರು ನೀನಾ ಮಗಳೇ?"

ಶಮ್ನಾ ಹೌದೆಂದು ತಲೆಯಾಡಿಸಿದಳು.

"ಇವ ನಿನಗೆ ಏನಾಗ್ಬೇಕು?"

ನಿಝಾಮ್ ಅವಸರದಲ್ಲಿ, ಏನೂ ಇಲ್ಲ, ಒಂದೇ ಕಡೆ ಕೆಲಸ ಅಷ್ಟೇ ಎಂದು ಹೇಳಹೊರಟ. ಶಮ್ನಾ ಅವನನ್ನು ನೋಡಿದಳು. ಮುದ್ದೆಯಾದ ಅಂಗಿ, ತಗ್ಗಿದ ತಲೆ, ಕೆಂಪಾದ ಕಿವಿ. ಯಾವ ಮಾತನ್ನೂ ಅವಳು ಇಷ್ಟು ಬೇಗ ಆರಿಸಿರಲಿಲ್ಲ.

"ಇವರು ನಮ್ಮ ಮನೆಯಲ್ಲಿ ಇನ್ನೂ ಹೆಣ್ಣು ಕೇಳ್ಲಿಲ್ಲ" ಎಂದಳು ಖದೀಜಾಳಿಗೆ. "ಬರುವ ಆದಿತ್ಯವಾರ ಇವರ ಉಮ್ಮ ಬಂದು ಕೇಳ್ತಾರೆ."