ಹೊಗೆ ನುಂಗುವ ಬಂಡೆ

ಬಹಳ ಹಿಂದೆ, ಕಪ್ಪು ಬೆಟ್ಟಗಳ ನಡುವೆ ಅಂಗಾರಪುರ ಎಂಬ ರಾಜ್ಯವಿತ್ತು. ಅಲ್ಲಿಯ ರಾಜ ಜ್ವಾಲಾಕೇತು ಒಬ್ಬ ಬೆಂಕಿ ರಕ್ಕಸನನ್ನು ಕುಲುಮೆಯಲ್ಲಿ ಕೂಡಿಹಾಕಿ, ಹಗಲಿರುಳು ಕಟ್ಟಿಗೆ, ಕಲ್ಲಿದ್ದಲು ತಿನ್ನಿಸುತ್ತಿದ್ದ. ರಕ್ಕಸ ಚಿನ್ನ ಉಗುಳುತ್ತಿದ್ದ. ಜೊತೆಗೆ ಹೊಗೆಯನ್ನೂ ಉಗುಳುತ್ತಿದ್ದ. ಹೊಗೆ ಆಕಾಶವನ್ನೇ ಮುಚ್ಚಿತು. ಪೈರು ಬಾಡಿತು. ಮಕ್ಕಳು ಕೆಮ್ಮಿ ಕೆಮ್ಮಿ ಸೊರಗಿದರು.

ಮಡಕೆ ಮಾಡುವ ಮಾಳವ್ವೆಯ ಮಗಳು ಸಿಂಗಿಗೂ ಉಸಿರು ಕಟ್ಟತೊಡಗಿತು. ಮಾಳವ್ವೆ ಮಗಳನ್ನು ಅತ್ತೆಯ ಮಡಿಲಲ್ಲಿ ಮಲಗಿಸಿ, "ಈ ಹೊಗೆ ನುಂಗುವವರು ಎಲ್ಲಾದರೂ ಇದ್ದೇ ಇರ್ತಾರೆ ಅತ್ತೆ, ಹುಡುಕಿಕೊಂಡು ಬರ್ತೀನಿ" ಎಂದು ಹೊರಟಳು.

ಮೊದಲು ಕಾಡಿಗೆ ಹೋದಳು. "ಮರದಪ್ಪ, ಹೊಗೆ ನುಂಗ್ತೀಯಾ?"

"ಯುಗಯುಗದಿಂದ ನುಂಗಿ ಕಾಂಡದಲ್ಲಿ, ಬೇರಿನಲ್ಲಿ ಬಚ್ಚಿಟ್ಟಿದ್ದೆ ಮಗಳೇ. ಈಗ ನನ್ನನ್ನೇ ಕಡಿದು ಕುಲುಮೆಗೆ ಹಾಕ್ತಿದ್ದಾರೆ. ಬಚ್ಚಿಟ್ಟದ್ದೆಲ್ಲ ಮತ್ತೆ ಹೊಗೆಯಾಗ್ತಿದೆ."

ಆಮೇಲೆ ಜೌಗುನೆಲಕ್ಕೆ ಹೋದಳು. "ಕೆಸರವ್ವ, ಹೊಗೆ ನುಂಗ್ತೀಯಾ?"

"ಉದುರಿದ ಎಲೆಗಳನ್ನೆಲ್ಲ ನೀರಿನಡಿ ಅಡಗಿಸಿ ಕಾಯ್ತಿದ್ದೆ. ರಾಜ ನನ್ನ ನೀರೆಳೆದು ಕುಲುಮೆಯ ಮೇಲಿನ ಕೆರೆಗೆ ತುಂಬಿಸಿಕೊಂಡ. ಒಣಗಿದ ನಾನೇ ಒಳಗೊಳಗೆ ಉರೀತಿದ್ದೀನಿ."

ಕೊನೆಗೆ ಕಡಲಿಗೆ ಹೋದಳು. "ಕಡಲರಾಯ, ನೀನಾದರೂ?"

"ಕುಡಿದೂ ಕುಡಿದೂ ಹುಳಿಯಾಗಿಬಿಟ್ಟೆ ತಾಯಿ. ನನ್ನ ಚಿಪ್ಪಿನ ಮಕ್ಕಳು ಮೈ ಕರಗಿ ಸಾಯ್ತಿದ್ದಾರೆ."

ಮಾಳವ್ವೆ ದಂಡೆಯ ಕರಿಬಂಡೆಗೆ ತಲೆಯಿಟ್ಟು ಅತ್ತಳು. ಬಂಡೆ ಸೀಳಿತು. ಒಳಗಿಂದ ಮಾಟಗಾತಿ ಮುದುಕಿಯೊಬ್ಬಳು ಬಂದಳು. ಬಲೆ ಬೀಸಿ ಒಂದು ಹಿಡಿ ಹೊಗೆ ಹಿಡಿದಳು, ನೀರಿನಲ್ಲಿ ಕಲಸಿ ಬಂಡೆಯ ಬಿರುಕಿಗೆ ಸುರಿದಳು. ಅದು ಬಿಳಿಗಲ್ಲಾಯಿತು!

ಮಾಳವ್ವೆ ಅವಳ ಕಾಲು ಹಿಡಿದಳು. "ಅಜ್ಜಿ, ನಮ್ಮ ಹೊಗೆಯನ್ನೆಲ್ಲ ಹೀಗೇ ಕಲ್ಲು ಮಾಡು."

"ನಾನು ಹಿಡಿಯಷ್ಟು ಮಾಡೋ ಹೊತ್ತಿಗೆ ನಿಮ್ಮ ರಕ್ಕಸ ಬೆಟ್ಟದಷ್ಟು ಉಗುಳ್ತಾನೆ. ಮೊದಲು ಅವನ ಬಾಯಿ ಮುಚ್ಚಿಸು, ಹೋಗು."

ಮಾಳವ್ವೆ ರಾಜನ ಮುಂದೆ ನಿಂತು ಎಲ್ಲವನ್ನೂ ಹೇಳಿದಳು. ರಾಜನ ಮುಖ ಅರಳಿತು. "ಹೊಗೆ ನುಂಗುವ ಬಂಡೆ ಇದೆಯಾ? ಹಾಗಾದರೆ ಇನ್ನೊಂದು ಕುಲುಮೆ ಕಟ್ಟಿಸಿ!"

ಮಾಳವ್ವೆ ನೇರ ಕುಲುಮೆಯ ಮೇಲಿನ ಕೆರೆಗೆ ಹೋದಳು. ಹಾರೆ ಹಿಡಿದು ಕೆರೆ ಏರಿಯನ್ನು ಒಡೆದಳು. ನೀರು ಧುಮ್ಮಿಕ್ಕಿ ಕುಲುಮೆಗೆ ನುಗ್ಗಿತು. ರಕ್ಕಸ ಚೀರಿ ಬೂದಿಯಾದ. ಚಿನ್ನ ಬಾಚಿಕೊಳ್ಳಲು ಓಡಿಬಂದ ರಾಜ ನೀರುಪಾಲಾದ.

ಮಾಳವ್ವೆ ಮನೆಗೆ ಓಡಿದಳು. ಅತ್ತೆ ಬಾಗಿಲಲ್ಲೇ ಕೂತಿದ್ದಳು.

"ತಡವಾಯ್ತು ಕಣೇ" ಎಂದಳು.

ಕುಲುಮೆ ಆರಿದರೂ ಹೊಗೆ ಕದಲಲಿಲ್ಲ. ಮಗಳನ್ನು ಮಣ್ಣು ಮಾಡಿದ ಮಾಳವ್ವೆ, ಅಜ್ಜಿಯ ಬಲೆ ಕೇಳಿ ತಂದಳು. ಬದುಕಿರುವ ತನಕ ಹೊಗೆ ಹಿಡಿದಳು, ಕಲ್ಲು ಮಾಡಿದಳು. ಮಕ್ಕಳನ್ನು ಕಳೆದುಕೊಂಡ ತಾಯಂದಿರೆಲ್ಲ ಬಂದು ಜೊತೆಗೂಡಿದರು. ಅವಳು ಕಣ್ಣು ಮುಚ್ಚಿದ ದಿನವೂ ಆಕಾಶ ಬೂದಿಬಣ್ಣದ್ದೇ ಇತ್ತು.

ಕಡೆಗೆ ಹೊಗೆಯೆಲ್ಲ ಕಲ್ಲಾಗಿ ಅಂಗಾರಪುರದ ಜನ ಸುಖವಾಗಿದ್ದರಂತೆ. ಆದರೆ ಆ ಸುಖ ಉಂಡವರಲ್ಲಿ ಮಾಳವ್ವೆಯನ್ನು ಕಂಡವರು ಒಬ್ಬರೂ ಇರಲಿಲ್ಲ.