ಮೋಡದ ಕೆಳಗಿನ ಎತ್ತುಗಳು

"ಅಕ್ಕಾ, ನನ್ನ ಆಕಾಶಾನ ಯಾರೋ ಹಾಳು ಮಾಡಿದಾರೆ!"

ಯೋಸ್ಟ್ ಕೂಗಿದ್ದು ಕೇಳಿ, ಬೇಯುತ್ತಿದ್ದ ಕಡಲೆಯನ್ನು ಬಿಟ್ಟು ಮೆಟ್ಟಿಲು ಹತ್ತಿದೆ. ರೋಮಿನ ನನ್ನ ಮನೆಯಲ್ಲಿ ಬಾಡಿಗೆಗಿದ್ದ ಡಚ್ ಚಿತ್ರಕಾರರಿಗೆಲ್ಲ ನಾನೇ ಅಕ್ಕ, ಬೈಯುವವಳೂ ನಾನೇ. ವಾರವೆಲ್ಲ ತೆಂಕಣ ಬಿಸಿಗಾಳಿ ಬೀಸಿ, ಯಾರಿಗೂ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

ಚಿತ್ರದಲ್ಲಿ ನಿನ್ನೆಯವರೆಗೂ ಇಳಿಬಿಸಿಲು ಹೊನ್ನಾಗಿ ಸುರಿಯುತ್ತಿತ್ತು. ಈಗ ಆಕಾಶದ ತುಂಬ ಬೂದುಮೋಡ. ಮರಗಳಿಗೆ ಮಾತ್ರ ಇನ್ನೂ ಹೊಂಬಣ್ಣ. ಕೆಳಗಿನ ಎತ್ತುಗಳು ಯಾಕೋ ನೆಲಕ್ಕೆ ಕಾಲೂರದೆ ತೇಲಿದಂತಿದ್ದವು. ಮರ, ಆಕಾಶ ಯೋಸ್ಟನವು. ಎತ್ತು, ದನಗಾಹಿಗಳು ಅವನ ಜೊತೆಗಾರ ಹಾರ್ಮನ್ ಬರೆದವು. ಮಧ್ಯಾಹ್ನ ಚಿತ್ರ ಮಾರಾಟವಾದರೆ ಯೋಸ್ಟ್ ತನ್ನೂರಾದ ಉಟ್ರೆಕ್ಟಿಗೆ ಮರಳುವವನಿದ್ದ.

ಎದುರು ಕೋಣೆಯ ಟೋಬಿಯಾಸನೂ ಮರ, ಆಕಾಶ ಬರೆಯುವವನೇ. ನಿನ್ನೆ ರಾತ್ರಿ ಊಟದ ಹೊತ್ತಲ್ಲಿ ಯೋಸ್ಟನಿಗೆ "ನಿನ್ನ ಬಿಸಿಲಿಗೊಂದು ಮಳೆ ಬೀಳ್ಬೇಕು ಕಣೋ" ಎಂದು ಚುಚ್ಚಿದ್ದ. ಗಲಾಟೆ ಕೇಳಿ ಬಂದ ಊರಕಾವಲುಗಾರರ ನಾಯಕ, ಆ ಮಾತು ತಿಳಿದದ್ದೇ ಟೋಬಿಯಾಸನ ಕೈ ಕಟ್ಟಿಸಿದ. ತಪ್ಪು ಸಾಬೀತಾದರೆ ಕೈದಿಯಾಗಿ ಹಡಗಿನಲ್ಲಿ ಹುಟ್ಟು ಹಾಕುತ್ತಲೇ ಅವನ ಬಾಳು ಮುಗಿಯುತ್ತಿತ್ತು.

ಕೆಳಕೋಣೆಯ ಸಾಂಡರ್ ತಾಮ್ರದ ತಗಡಿನಲ್ಲಿ ಚಿತ್ರ ಕೆತ್ತುವವನು. ನಮ್ಮ ಕೇರಿಯ ಕಳವು, ಜಗಳವೆಲ್ಲ ಅವನ ಬಾಗಿಲಿಗೇ ಬರುತ್ತಿದ್ದವು. ಚಿತ್ರಕ್ಕೆ ಮೂಗು ತಾಗಿಸಿ ನೋಡಿ, "ಅಕ್ಕಾ, ಎಲ್ರನ್ನೂ ಕರಿ" ಎಂದ.

ಎಲ್ಲರೂ ಸೇರಿದ ಮೇಲೆ ಒದ್ದೆ ಬೆರಳಿನಿಂದ ಮೋಡದ ಅಂಚು ತೀಡಿದ. ಬೂದು ಕರಗಿ ಹೊನ್ನು ಇಣುಕಿತು.

"ಇದು ಎಣ್ಣೆಬಣ್ಣ ಅಲ್ಲ, ಗೋಂದಿನಲ್ಲಿ ಕಲಸಿದ ಸುಣ್ಣಕಲ್ಲಿನ ಪುಡಿ, ಮಸಿ; ನೀರಿಗೇ ಹೋಗುತ್ತೆ. ಬಳಿದವನಿಗೆ ಚಿತ್ರ ಹಾಳು ಮಾಡೋ ಮನಸ್ಸಿಲ್ಲ. ಮಾರಾಟ ತಪ್ಪಿದ್ರೆ ಸಾಕಿತ್ತು."

"ಹೊಟ್ಟೆಕಿಚ್ಚಿಗೆ ಅಷ್ಟು ಸಾಲ್ದಾ?" ಎಂದ ನಾಯಕ.

"ಟೋಬಿಯಾಸ್ ಆಗಿದ್ರೆ ಮರದ ಮೇಲಿನ ಬಿಸಿಲನ್ನೂ ಅಳಿಸ್ತಿದ್ದ, ಅದು ಅವನ ಕಸುಬು. ಈ ಕೈ ಮರಾನ ಮುಟ್ಟೇ ಇಲ್ಲ. ಆದ್ರೆ ಎತ್ತುಗಳ ಉದ್ದನೆ ನೆರಳು ಎಲ್ಲಿ ಹೋಯ್ತು? ಮೋಡ ಕವಿದ್ಮೇಲೆ ನೆರಳು ಇರಬಾರ್ದು ಅಂತ ಮುಚ್ಚಿದಾರೆ. ಕದ್ದು ಮಾಡೋ ಕೆಲಸದಲ್ಲೂ ಎತ್ತಿನ ಕಾಲಬುಡ ನೋಡೋನು ಈ ಮನೇಲಿ ಒಬ್ನೇ. ಅಲ್ವೇನೋ ಹಾರ್ಮನ್?"

ಹಾರ್ಮನ್ ಗೋಡೆಗೊರಗಿದ.

"ಇಷ್ಟು ವರ್ಷ ಯೋಸ್ಟನ ಬಿಸಿಲಲ್ಲೇ ನನ್ನ ದನ ಮೇಯಿಸ್ದೆ. ಇವನು ಹೋದ್ರೆ ಅವು ಎಲ್ಲಿ ನಿಲ್ಬೇಕು? ಟೋಬಿಯಾಸನ್ನ ಕಟ್ತಾರೆ ಅಂದ್ಕೊಂಡಿರಲಿಲ್ಲ... ಆಮೇಲೆ ಒಪ್ಕೊಳ್ಳೋಕೆ ಹೆದರಿಕೆಯಾಯ್ತು."

"ಇವನನ್ನ ಕಟ್ಟಲಾ?" ನಾಯಕ ಕೇಳಿದ.

"ಬೇಡ. ನಂದೇನೂ ದೂರಿಲ್ಲ," ಎಂದ ಯೋಸ್ಟ್. ನಾನು ಟೋಬಿಯಾಸನ ಹಗ್ಗ ಬಿಚ್ಚುತ್ತಿದ್ದೆ. ಎಲ್ಲ ಸರಿಹೋಯಿತೆಂದು ನಿಟ್ಟುಸಿರಿಡುವಷ್ಟರಲ್ಲಿ ಯೋಸ್ಟ್ ಮೆಲ್ಲಗೆ ಹೇಳಿದ: "ಆದ್ರೆ ನಾನು ಹೋಗೇ ಹೋಗ್ತೀನಿ, ಹಾರ್ಮನ್."

ಹಾರ್ಮನ್ ಬಟ್ಟೆ ಒದ್ದೆ ಮಾಡಿಕೊಂಡು ಬಂದು, ಒಂದೆಲೆಗೂ ತಾಗದಂತೆ, ಗೆಳೆಯನ ಆಕಾಶವನ್ನು ತಾನೇ ಒರೆಸತೊಡಗಿದ. ನನಗೆ ಅಳು ತಡೆಯಲಾಗಲಿಲ್ಲ.